ತಪ್ಪು ವಯಸ್ಸಿನ ಶುಭಾಶಯ

ಬೆಳಿಗ್ಗೆ ದೇವರಿಗೆ ಕೈಮುಗಿದ ಮೇಲೆ ಅದೇ ಕೈಯಲ್ಲಿ ಕತ್ತರಿ ಹಿಡಿಯುವುದು ನನ್ನ ಓರಗಿತ್ತಿ ಅಕ್ಕನಿಗೆ ಒಂದು ದಿನವೂ ತಪ್ಪದ ಅಭ್ಯಾಸ. ಬಂಧುಬಳಗದಲ್ಲಿ ಯಾರ ಹುಟ್ಟುಹಬ್ಬವಿದ್ದರೂ ಶುಭಾಶಯದ ಕಾರ್ಡು ಅವರ ಕೈಯಿಂದಲೇ ಹೋಗಬೇಕು. ಅಂಗಿ ಡಬ್ಬದ ರಟ್ಟು, ಸೋಪಿನ ಹೊಳೆಯುವ ಕಾಗದ, ನನ್ನ ಹಳೆಯ ಬಟ್ಟೆಯ ಲೇಸು, ಯಾವುದನ್ನೂ ಬಿಡುವುದಿಲ್ಲ. ಊಟದ ಮೇಜಿನ ತುಂಬ ಅಂಟು, ಅಕ್ಕನ ಮೂಗಿನ ತುದಿಯಲ್ಲಿ ಮಿನುಗುವ ಪುಡಿ. ಭಾವ, "ತಟ್ಟೆ ಇಡೋಕೆ ಒಂಚೂರು ಜಾಗ ಕೊಡ್ತೀಯೇನೇ?" ಎಂದರೆ, "ತೊಡೆ ಮೇಲೆ ಇಟ್ಕೊಳ್ಳಿ, ಗುಲಾಬಿಯ ಅಂಟು ಇನ್ನೂ ಒಣಗಿಲ್ಲ" ಎನ್ನುತ್ತಾರೆ. ಈ ವರ್ಷ ಮಾತ್ರ ಪ್ರತಿ ಕಾರ್ಡಿನಲ್ಲೂ ವಯಸ್ಸು ತಪ್ಪು. ಮೊನ್ನೆ ತವರಿನ ತಮ್ಮನಿಗೆ ಹತ್ತು ವರ್ಷ ಹೆಚ್ಚು ಬರೆದುಬಿಟ್ಟರು. ಅವನು ಫೋನ್ ಮಾಡಿ ಜಗಳವಾಡಿ, ನಕ್ಕು, ತನ್ನ ಮಂಡಿನೋವಿನಿಂದ ಹಿಡಿದು ಮಗಳ ಪರೀಕ್ಷೆಯವರೆಗೆ ಅರ್ಧ ಗಂಟೆ ಹೇಳಿಕೊಂಡ. ಅಕ್ಕನಿಗೆ ಮರೆವು ಶುರುವಾಯಿತೇನೋ ಎಂದು ನನಗೆ ಒಳಗೊಳಗೇ ದಿಗಿಲು. "ಅಕ್ಕಾ, ಎಲ್ಲರ ವಯಸ್ಸೂ ಒಂದು ಹಾಳೇಲಿ ಬರೆದುಕೊಡ್ಲಾ?" ಎಂದೆ. ಅಕ್ಕ ಕತ್ತರಿ ಕೆಳಗಿಟ್ಟು ನಕ್ಕರು. "ಹೋದ ವರ್ಷ ಎಲ್ಲಾ ಸರಿಯಾಗೇ ಬರೆದಿದ್ದೆ ಕಣೇ. ಎಲ್ಲರೂ ಮೊಬೈಲಲ್ಲಿ ಒಂದೊಂದು ಹೂವಿನ ಚಿತ್ರ ಕಳಿಸಿ ಸುಮ್ಮನಾದ್ರು, ಒಬ್ಬರ ದನೀನೂ ಕೇಳಿಸ್ಲಿಲ್ಲ. ನಿನ್ನ ಹಾಳೆ ನಂಗೆ ಬೇಡಮ್ಮಾ."