ಹೆಗಲೇರಿದ ಬೀಸುಕಲ್ಲು

ಅರವತ್ತರ ದಶಕದಲ್ಲಿ ನಾನು ಇಂಡಿ ಪಟ್ಟಣದಲ್ಲಿ ಮಾಸ್ತರನಾಗಿದ್ದೆ. ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ಹತ್ತಿರದ ತಾಂಬಾ ಊರಿಗೆ ಹೋಗಿ, ಅಲ್ಲಿನ ನಾಲ್ಕಾರು ಕ್ರೈಸ್ತ ಮನೆಯವರಿಗೆ ಬೈಬಲ್ ಓದಿ ಅರ್ಥ ಹೇಳುತ್ತಿದ್ದೆ. ಒಂದು ಸಲ ಊರು ಇನ್ನೂ ಒಂದು ಮೈಲು ಇರುವಾಗಲೇ ಬಸ್ಸು ಕೆಟ್ಟು ನಿಂತಿತು. ತಡವಾದೀತೆಂದು ನಡೆದೇ ಹೋಗಲು ಎದ್ದೆ. ಪಕ್ಕದಲ್ಲಿದ್ದ ಹುಸೇನಬಿ ಎಂಬ ಮುದುಕಿ ನನ್ನ ಕೈಯಲ್ಲಿನ ಪುಸ್ತಕ ನೋಡಿ, "ಅದರಾಗ ಏನ್ ಬರದೈತ್ರಿ ಮಾಸ್ತರ?" ಎಂದು ಕೇಳಿದಳು.

ಅಂದಿನ ಪಾಠವನ್ನೇ ಉತ್ಸಾಹದಿಂದ ಹೇಳಿದೆ. "ಒಬ್ಬರ ಭಾರ ಇನ್ನೊಬ್ಬರು ಹೊರಬೇಕಂತ ಐತ್ರಿ, ಅಜ್ಜಿ."

"ಬರೇ ಓದಿದ್ರ ಸಾಕೇನ್ರಿ, ಇಲ್ಲಾ ಹಂಗ ಮಾಡಬೇಕೇನ್ರಿ?"

"ಮಾಡಬೇಕ್ರಿ!"

"ಅಲ್ಲಾಹು ನಿಮ್ಮನ್ನ ಚಲೋ ಇಟ್ಟಿರಲಿ," ಎಂದು ಆಕೆ ಸೀಟಿನ ಕೆಳಗಿನ ಗಂಟು ತೋರಿಸಿದಳು. ತಾಂಬಾದಲ್ಲಿ ಹೊಸದಾಗಿ ಸಂಸಾರ ಹೂಡಿದ ಮಗಳಿಗೆಂದು ಒಯ್ಯುತ್ತಿದ್ದ ಬೀಸುಕಲ್ಲು ಅದರಲ್ಲಿತ್ತು.

ಆಡಿದ ಮಾತು ನುಂಗುವಂತಿರಲಿಲ್ಲ. ಕಲ್ಲನ್ನು ಹೆಗಲಿಗೇರಿಸಿ, ತಾಳ್ಮೆ ಕೊಡಪ್ಪಾ ಎಂದು ದೇವರನ್ನು ಬೇಡುತ್ತ ನಡೆದೆ. ಆಕೆ ಮಾತ್ರ ಅಳಿಯನ ಗುಣಗಾನ ಮಾಡುತ್ತ ಹಗುರಾಗಿ ಹೆಜ್ಜೆ ಹಾಕಿದಳು. ಆ ಸಂಭ್ರಮ ಕೇಳುತ್ತ ಕೇಳುತ್ತ ನನ್ನ ಸಿಡುಕು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಊರ ಹೊರಗೆ ನಮ್ಮ ಕ್ರೈಸ್ತ ಮಂದಿಯೇ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. "ಯಾಕ್ರಿ ಇಷ್ಟ ತಡಾ? ಪಾಠ ಯಾವಾಗ್ರಿ?" ಎಂದರು. ನಾನು ಏದುಸಿರು ಬಿಡುತ್ತ ಕಲ್ಲನ್ನು ಕೆಳಗಿಳಿಸಿದೆ.

ಹುಸೇನಬಿಯೇ ಹೇಳಿದಳು, "ಪಾಠ ನಡದೈತಿ. ಎಲ್ಲಾರೂ ಕೈ ಹಚ್ಚರಿ!"

ನಗುತ್ತ ಎಲ್ಲರೂ ಕೈಹಚ್ಚಿ ಕಲ್ಲನ್ನು ಮಗಳ ಮನೆ ಮುಟ್ಟಿಸಿದೆವು. ಮಗಳು ಕೊಟ್ಟ ಚಹಾ ಕುಡಿದು, ಅಲ್ಲಿಯ ಕಟ್ಟೆಯ ಮೇಲೆಯೇ ಪ್ರಾರ್ಥನೆ ಮಾಡಿದೆವು. ನನ್ನ ಪಾಠದಲ್ಲಿ ಒಬ್ಬರೂ ತೂಕಡಿಸದೆ ಇದ್ದದ್ದು ಅದೇ ಮೊದಲು.