ಕೋಟ್ಯಾನರು ಕೊಟ್ಟ ನಿರಾಕರಣೆಯ ಕಾಗದ

ಮುಂಬಯಿ ಕನ್ನಡಿಗರ ಸಹಕಾರಿ ಬ್ಯಾಂಕಿಂಗ್ ರಂಗದಲ್ಲಿ ಮೂವತ್ತೇಳು ವರ್ಷ ದುಡಿದು, ಚೆಂಬೂರು ಶಾಖೆಯ ಸಾಲ ವಿಭಾಗದಿಂದ ಈಗ ನಿವೃತ್ತರಾಗುತ್ತಿರುವ ಶ್ರೀ ರಮಾನಾಥ ಕೋಟ್ಯಾನರ ಸೇವೆಯನ್ನು ಈ ಅಭಿನಂದನ ಗ್ರಂಥದಲ್ಲಿ ಸ್ಮರಿಸುವ ಭಾಗ್ಯ, ಅವರ ಕೈಕೆಳಗೆ ಹದಿನಾಲ್ಕು ವರ್ಷ ಕ್ಲಾರ್ಕ್ ಆಗಿದ್ದ ನನಗೆ ಒದಗಿದೆ. ಆದರೆ ಅವರನ್ನು ಯಾವುದಕ್ಕೆಂದು ಹೊಗಳಬೇಕೋ, ನಿಜ ಹೇಳುತ್ತೇನೆ, ನನಗೆ ಇನ್ನೂ ತಿಳಿದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ಲೋಕಲ್ ರೈಲು ತಪ್ಪಿ ತಡವಾಗಿ ಬಂದಾಗ, ಬೈಯುವುದು ಬಿಟ್ಟು ತಮ್ಮ ಚಹಾದಲ್ಲೇ ಅರ್ಧ ಕೊಟ್ಟವರು ಅವರು. ಅಂಥ ಉಪಕಾರಗಳು ಎಷ್ಟೋ ಇವೆ. ನನ್ನನ್ನು ಗೊಂದಲಕ್ಕೆ ಕೆಡವಿದ್ದು ಮಾತ್ರ ಆರು ವರ್ಷ ಹಿಂದಿನ ಒಂದು ಪ್ರಸಂಗ.

ಜೋಗೇಶ್ವರಿಯಿಂದ ಇಂದ್ರಾಬಾಯಿ ಎಂಬವರು ರೊಟ್ಟಿ ಮಾಡುವ ಯಂತ್ರಕ್ಕೆ ಸಾಲ ಕೇಳಿ ಬಂದಿದ್ದರು. ಒಂದು ಕಾರ್ಖಾನೆಯ ಕ್ಯಾಂಟೀನಿಗೆ ದಿನಕ್ಕೆ ಐನೂರು ರೊಟ್ಟಿ ಕೊಡಲು ಒಪ್ಪಿಕೊಂಡಿದ್ದರು. ಎರಡು ತಿಂಗಳೊಳಗೆ ಯಂತ್ರ ಬಾರದಿದ್ದರೆ ಆ ಕೆಲಸ ಕೈತಪ್ಪುತ್ತಿತ್ತು. ಆದಾಯದ ಕಾಗದಗಳೆಲ್ಲ ಸರಿಯಾಗಿದ್ದವು. ಸಾಲ ಸಮಿತಿ ಮಾತ್ರ ಗಂಡನ ಸಹಿ ಬೇಕೆಂದು ಹಟ ಹಿಡಿಯಿತು.

“ಅಂವ ಬಿಟ್ಟು ಹೋಗಿ ಎಂಟು ವರ್ಷಾತ್ರಿ. ಸಹಿ ಎಲ್ಲಿಂದ ತರ್ಲಿ?” ಎಂದರು ಇಂದ್ರಾಬಾಯಿ.

ಸಾಲ ಕೊಡುವಲ್ಲಿ ಹೆಣ್ಣು ಗಂಡು, ಜಾತಿ, ಧರ್ಮವೆಂದು ಭೇದ ಮಾಡಬಾರದು, ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಎಂಬ ನಿಯಮ ನಮ್ಮ ಗೋಡೆಯ ಮೇಲೆಯೇ ತೂಗುತ್ತಿತ್ತು. ಅದನ್ನು ಓದುವ ಪುರುಸೊತ್ತು ಯಾರಿಗಿತ್ತು? ರೂಢಿಯಂತೆ ನಾನು ನಿಜ ಕಾರಣ ಮುಚ್ಚಿ, “ಆದಾಯ ಕಡಿಮೆ” ಎಂದು ನಿರಾಕರಣೆ ಪತ್ರದ ಮರ್ಯಾದೆಯ ಕರಡೊಂದನ್ನು ಬರೆದೆ. ಕೋಟ್ಯಾನರು ಅದನ್ನು ಪಕ್ಕಕ್ಕಿಟ್ಟು, “ಗಂಡನ ಸಹಿ ಇಲ್ಲದ ಕಾರಣ ಸಾಲ ನಿರಾಕರಿಸಲಾಗಿದೆ” ಎಂದು ತಾವೇ ಬರೆದು, ಮೊಹರು ಒತ್ತಿ, ಕೊಟ್ಟೇಬಿಟ್ಟರು. ಇವರಿಗೇನು ತಲೆ ಕೆಟ್ಟಿದೆಯೇ ಎಂದು ನಾನು ಕಂಗಾಲಾದೆ.

ಆ ಕಾಗದವನ್ನೇ ಲಗತ್ತಿಸಿ ಇಂದ್ರಾಬಾಯಿ ದೂರು ಕೊಟ್ಟರು. ವಿವರಣೆ ಕೇಳಿ ಮೇಲಿನಿಂದ ಪತ್ರ ಬಂದದ್ದೇ ತಡ, ಸಮಿತಿ ಸಾಲ ಮಂಜೂರು ಮಾಡಿತು. ಕೋಟ್ಯಾನರ ಬಡ್ತಿಯನ್ನೂ ತಡೆಯಿತು.

“ಸರ್, ನೀವು ಬೇಕೂಂತಲೇ ಹಾಗೆ ಬರೆದದ್ದಾ?” ಎಂದು ಒಂದು ದಿನ ಕೇಳಿದೆ.

“ಕಾರಣ ಅದೇ ಅಲ್ವಾ ನಮಿತಾ? ಮತ್ತೆಂತ ಬರೆಯುವುದು ಮಾರಾಯ್ತಿ?” ಎಂದು ಅವರು ಫೈಲಿಗೆ ತಲೆ ತಗ್ಗಿಸಿದರು.

ಅದು ಜಾಣತನವೋ ಮುಗ್ಧತೆಯೋ, ಇಂದಿಗೂ ಬಗೆಹರಿದಿಲ್ಲ. ನನ್ನ ಕರಡಿಗೆ ಅವರು ಸಹಿ ಹಾಕಿದ್ದರೆ ಇಂದ್ರಾಬಾಯಿ ತಮ್ಮ ದುಡಿಮೆಯೇ ಕಡಿಮೆಯೆಂದು ನಂಬಿ, ತೆಪ್ಪಗೆ ಮನೆಗೆ ಹೋಗುತ್ತಿದ್ದರು, ಅಷ್ಟು ಮಾತ್ರ ಗೊತ್ತು. ನೆನೆದರೆ ನಾಚಿಕೆಯಾಗುತ್ತದೆ.

ಶ್ರೀಯುತರಿಗೆ ಆಯಸ್ಸೂ ಆರೋಗ್ಯವೂ ತುಂಬಿ ಬರಲಿ. ನಿವೃತ್ತಿಯ ಬಳಿಕವೂ ಸಾಲದ ಅರ್ಜಿ ಹಿಡಿದು ಬರುವವರ ಪಕ್ಕದಲ್ಲಿ ಕೂರುವ ತ್ರಾಣ ಅವರಿಗಿರಲಿ. ಈ ಗ್ರಂಥದ ಮೊದಲ ಪ್ರತಿ ಪಡೆಯಲು ಇಂದ್ರಾಬಾಯಿಯವರೇ ಬರುತ್ತಾರಂತೆ. ಅಂಥದೊಂದು ಕರಡನ್ನು ನಾನು ಬರೆದಿದ್ದೆನೆಂದು ಅವರಿಗೆ ಈವರೆಗೆ ಹೇಳಿಲ್ಲ.