ಶಿರಾಳಕೊಪ್ಪದ ಮೇಸ್ತ್ರಿಯೊಂದಿಗೆ ಸೊರಬಕ್ಕೆ

ಶಿವಮೊಗ್ಗದಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟೆ. ಸರ್ಕಾರಿ ಬಸ್ಸಾದ್ದರಿಂದ ಕಂಡಕ್ಟರ್ ನನಗೆ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ ಹರಿದುಕೊಟ್ಟರು. ಶಿಕಾರಿಪುರಕ್ಕೆ ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಮಳೆ ನಿಂತು ಎರಡು ವಾರವಾಗಿತ್ತು. ಸವಳಂಗ ದಾಟಿದ ಮೇಲೆ ರಸ್ತೆಯ ಅರ್ಧಭಾಗಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಡ್ರೈವರ್ ಒಂದು ಕಾಳನ್ನೂ ತುಳಿಯದೆ ಬಸ್ಸನ್ನು ಪಕ್ಕದಿಂದ ದಾಟಿಸಿದರು.

ನಾನು ಐಟಿಐಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಪಾಠ ಮಾಡಿದವಳು. ನಿವೃತ್ತಿಯ ನಂತರ ಆಗಾಗ ಪರೀಕ್ಷಕಿಯಾಗಿ ಊರೂರಿಗೆ ಹೋಗುತ್ತೇನೆ. ಈ ಸಲದ ಕೆಲಸ ನನಗೆ ಇಷ್ಟದ್ದು. ನಮ್ಮಲ್ಲಿ ಹೆಚ್ಚಿನವರು ಕಸುಬು ಕಲಿಯುವುದು ಶಾಲೆಯಲ್ಲಲ್ಲ, ಯಾರದೋ ಪಕ್ಕ ಕೂತು. ಅಂಥವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕೆಂದು ಸರ್ಕಾರ ಗೊತ್ತುಮಾಡಿದೆ. ಮೊದಲ ದಿನ ಶಿಕಾರಿಪುರ, ಮರುದಿನ ಸೊರಬ.

ಶಿಕಾರಿಪುರದ ತರಬೇತಿ ಕೇಂದ್ರದಲ್ಲಿ ಏಳು ಜನ ಬಂದಿದ್ದರು. ಅವರಲ್ಲಿ ಹಿರಿಯರು ಶಿರಾಳಕೊಪ್ಪದ ರಹಮತ್ ಸಾಹೇಬರು. ಐವತ್ನಾಲ್ಕು ವಯಸ್ಸು, ಮೋಟಾರ್ ವೈಂಡಿಂಗ್ ಅಂಗಡಿ. ಪಂಪಿನ ಮೋಟಾರೊಂದನ್ನು ಮುಂದಿಟ್ಟು, ಏನಾಗಿದೆ ನೋಡಿ ಎಂದೆ. ಅವರು ಬಗ್ಗಿ ವಾಸನೆ ನೋಡಿದರು.

"ಇದು ಕಾಯಿಲ್ ಸುಟ್ಟಿದ್ದಲ್ರಿ ಮೇಡಂ. ಬೇರಿಂಗ್ ಹಿಡದು ಕಾದೈತಿ, ಅಷ್ಟ."

ಬಿಚ್ಚಿದಾಗ ಹಾಗೆಯೇ ಇತ್ತು. ನಾನಾಗಿದ್ದರೆ ಮೀಟರು ಹಿಡಿದು ಕಾಲು ಗಂಟೆ ಕೂರುತ್ತಿದ್ದೆ.

ಮಧ್ಯಾಹ್ನ ಟ್ಯಾಬ್ ಮೇಲೆ ಪ್ರಶ್ನೆಗಳಿಗೆ ಉತ್ತರ ಒತ್ತುವ ಪರೀಕ್ಷೆ. ಉಳಿದ ಆರು ಜನ ತಲೆ ತಗ್ಗಿಸಿ ಕೂತರು. ರಹಮತ್ ಸಾಹೇಬರು ಹತ್ತು ನಿಮಿಷ ಪರದೆ ನೋಡಿ, ಟ್ಯಾಬನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟರು.

"ನನಗ ಇದು ಬ್ಯಾಡ್ರಿ" ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟೇಹೋದರು.

ಒಂದು ಪ್ರಶ್ನೆಯನ್ನೂ ಒತ್ತಿರಲಿಲ್ಲ. ಅವರಿಗೆ ಉರ್ದು ಅಲ್ಪಸ್ವಲ್ಪ ಬರುತ್ತದೆ, ಕನ್ನಡ ಓದಲು ಬರುವುದಿಲ್ಲ ಎಂದು ಆಮೇಲೆ ಜೊತೆಗಿದ್ದವರೊಬ್ಬರು ಹೇಳಿದರು. ಕೇಳಬೇಕಾದವಳು ನಾನೇ, ಕೇಳಿರಲಿಲ್ಲ. ನಾಚಿಕೆಯಾಯಿತು.

ಸಂಜೆ ಸೊರಬದ ಕೇಂದ್ರದ ಮುಖ್ಯಸ್ಥೆ ವೀಣಾ ಅವರಿಗೆ ಮರುದಿನದ ಏರ್ಪಾಡು ಕೇಳಲು ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದೇ ರಹಮತ್ ಸಾಹೇಬರ ವಿಷಯ. ಅಲ್ಲಿನ ವೈಂಡಿಂಗ್ ತರಗತಿಯ ಶಿಕ್ಷಕರು ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿ ಹೋಗಿದ್ದರು. ಎಂಟು ಹುಡುಗಿಯರು, ಐವರು ಹುಡುಗರು ಒಂದು ತಿಂಗಳಿನಿಂದ ಬರಿದೆ ಬಂದು ಹೋಗುತ್ತಿದ್ದರು. ಆ ಜಾಗಕ್ಕೆ ರಹಮತ್ ಸಾಹೇಬರನ್ನು ಕರೆಯಬೇಕೆಂದಿದ್ದರು, ಆದರೆ ಪ್ರಮಾಣಪತ್ರವಿಲ್ಲದವರನ್ನು ನೇಮಿಸುವ ಹಾಗಿಲ್ಲ. "ಇವರೂ ಆಗ್ಲಿಲ್ಲ ಅಂದ್ರೆ ತರಗತಿ ಮುಚ್ಚೋದೇ ಮೇಡಂ. ಹುಡುಗಿಯರನ್ನ ಹೊಲಿಗೆಗೆ ಹಾಕಿ ಅಂತಾರೆ" ಎಂದರು ವೀಣಾ.

ಬೆಂಗಳೂರಿನ ನಮ್ಮ ಕಚೇರಿಗೆ ಫೋನ್ ಮಾಡಿದೆ. ಪ್ರಶ್ನೆಯನ್ನು ಓದಿ ಹೇಳಬಹುದು, ಅರ್ಥ ಬಿಡಿಸಿ ಹೇಳುವಂತಿಲ್ಲ, ಪೂರ್ತಿ ವಿಡಿಯೊ ಆಗಬೇಕು ಎಂದರು. ಅವರನ್ನು ಮರುದಿನ ಸೊರಬದಲ್ಲಿ ಪರೀಕ್ಷೆಗೆ ಕೂರಿಸಲು ಒಪ್ಪಿಗೆಯೂ ಸಿಕ್ಕಿತು. ಬಸ್ ನಿಲ್ದಾಣದ ಬಳಿ ಮಂಡಕ್ಕಿ, ಮಿರ್ಚಿ ತಿಂದು ಲಾಡ್ಜಿಗೆ ಹೋದೆ.

ಮರುದಿನ ಸೊರಬದ ಬಸ್ಸು ಹತ್ತಿದವಳು ಶಿರಾಳಕೊಪ್ಪದಲ್ಲೇ ಇಳಿದೆ. ಅಂದು ಸಂತೆ. ಸೊಪ್ಪಿನ ಮೂಟೆಗಳ ನಡುವೆ ದಾರಿ ಕೇಳಿಕೊಂಡು ಅಂಗಡಿಗೆ ಹೋದಾಗ ರಹಮತ್ ಸಾಹೇಬರು ತಾಮ್ರದ ತಂತಿ ಸುತ್ತುತ್ತಿದ್ದರು. ನನ್ನನ್ನು ಕಂಡು ಎದ್ದು ಸ್ಟೂಲು ಒರೆಸಿದರು, ಚಹಾ ತರಿಸಲು ಹೊರಟರು.

"ನಿಮ್ಮ ಪರೀಕ್ಷೆ ಮುಗಿಯೋವರೆಗೆ ನಿಮ್ಮ ಚಹಾ ನಾನು ಕುಡಿಯೋ ಹಾಗಿಲ್ಲ" ಎಂದೆ.

"ಪರೀಕ್ಷೆ ನಿನ್ನೇನ ಮುಗೀತಲ್ರಿ."

"ಇಲ್ಲ. ಇವತ್ತು ಸೊರಬದಲ್ಲಿದೆ. ಪ್ರಶ್ನೆ ನಾನು ಓದ್ತೀನಿ, ನೀವು ಬಾಯಲ್ಲಿ ಹೇಳಿ."

ಅವರು ತಂತಿಯ ತುದಿಯನ್ನು ಬೆರಳಿಗೆ ಸುತ್ತಿದರು. "ಆ ಮಕ್ಕಳ ಮುಂದ ಓದಾಕ ಬರಂಗಿಲ್ಲ ಅಂತ ಹೆಂಗ ಹೇಳಲಿ ಮೇಡಂ? ನಾಳೆ ಅವ್ರಿಗೇ ಪಾಠ ಹೇಳೋನು ನಾನು."

"ನಿನ್ನೆ ಮೋಟಾರಿನ ವಾಸನೆಯಲ್ಲೇ ರೋಗ ಹೇಳಿದ್ರಲ್ಲ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅದು ಬರಲ್ಲ. ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಅವರು ತಂತಿ ಬದಿಗಿಟ್ಟರು. ಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು, ಬಾಗಿಲು ಎಳೆದರು.

ಸೊರಬಕ್ಕೆ ಅಲ್ಲಿಂದ ಇಪ್ಪತ್ತು ಕಿಲೋಮೀಟರ್. ಖಾಸಗಿ ಬಸ್ಸು, ನಿಲ್ಲಲೂ ಜಾಗವಿರಲಿಲ್ಲ. ನನ್ನ ಟಿಕೆಟ್ ನಾನೇ ತೆಗೆದುಕೊಂಡದ್ದು ಅವರಿಗೆ ಸರಿಬರಲಿಲ್ಲ. ಹಾದಿಯಲ್ಲಿ ಮೆಕ್ಕೆಜೋಳ ಕಡಿಮೆಯಾಗಿ ಭತ್ತದ ಗದ್ದೆಗಳು ಬಂದವು, ಒಂದೆರಡು ಕಡೆ ಅನಾನಸ್ ತೋಟ. ಪಕ್ಕದ ಕಂಬಿ ಹಿಡಿದು ನಿಂತಿದ್ದ ಅವರು ತಾವಾಗಿಯೇ ಮಾತು ತೆಗೆದರು.

"ನಾ ಕೆಲಸ ಕಲಿಯಾಕ ಹೋದಾಗ ನಮ್ಮ ಉಸ್ತಾದ್ರು ಆರು ವರ್ಷ ತೊಗೊಂಡ್ರು. ಅದ್ರಾಗ ನಾಕು ವರ್ಷ ಬರೇ ಅಂಗಡಿ ಕಸ ಹೊಡದೀನ್ರಿ. ಮನಸಿಟ್ಟು ಕಲಿಸಿದ್ರ ಎಂಟು ತಿಂಗಳು ಸಾಕು. ಅದನ್ನ ಮಾಡಿ ತೋರಸ್ಬೇಕು ಅಂತ ನನಗ."

ಸೊರಬದ ಕೇಂದ್ರದಲ್ಲಿ ವೀಣಾ ಒಂದು ಸಣ್ಣ ಕೋಣೆ ತೆರವು ಮಾಡಿಸಿ ಕ್ಯಾಮೆರಾ ಇಟ್ಟಿದ್ದರು. ಮೊದಲ ಪ್ರಶ್ನೆ ಓದಿದೆ: "ನಿರೋಧನ ಪ್ರತಿರೋಧವನ್ನು ಅಳೆಯುವ ಉಪಕರಣ ಯಾವುದು?"

"ಅಂದ್ರೇನ್ರಿ?"

ನನಗೆ ಗೊತ್ತಿತ್ತು, ಹೇಳುವಂತಿರಲಿಲ್ಲ. ಮತ್ತೊಮ್ಮೆ ಓದಿದೆ. ಅವರ ಹಣೆಯಲ್ಲಿ ಬೆವರು ಕಾಣಿಸಿತು. ಎದ್ದು ಹೋಗಿಬಿಡುತ್ತಾರೋ ಎಂದು ನನ್ನೊಳಗೂ ಅಳುಕು. ನಾಲ್ಕು ಆಯ್ಕೆಗಳನ್ನು ಒಂದೊಂದಾಗಿ ಓದುತ್ತ ಮೂರನೆಯದಕ್ಕೆ ಬಂದೆ: "ಮೆಗ್ಗರ್."

"ಓ, ಮೆಗ್ಗರ್ ಏನ್ರಿ! ವೈಂಡಿಂಗ್ ಮುಗದ ಮ್ಯಾಲೆ ಹಚ್ಚಿ ನೋಡ್ತೀವಲ್ರಿ, ಮೋಟಾರಿನ ಮೈಗೆ ಕರೆಂಟ್ ಇಳೀತೈತೇನಂತ. ಅದ, ಮೂರನೇದು."

ಅಲ್ಲಿಂದ ಮುಂದೆ ಅವರು ನಿಲ್ಲಲಿಲ್ಲ. ಕೆಲವನ್ನು ನಾನು ಆಯ್ಕೆ ಓದುವ ಮೊದಲೇ ಹೇಳಿದರು. ಲೆಕ್ಕದ ಎರಡು ಪ್ರಶ್ನೆಗಳಿಗೆ ನೇರವಾಗಿ "ಗೊತ್ತಿಲ್ಲ" ಎಂದರು. ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಫಲಿತಾಂಶವನ್ನು ಅಲ್ಲೇ ಹೇಳುವ ಅಧಿಕಾರ ನನಗಿರಲಿಲ್ಲ. ಮೂರು ವಾರದ ಮೇಲೆ ಬಂದ, ತೇರ್ಗಡೆಯಾದವರ ಪಟ್ಟಿಯಲ್ಲಿ ಅವರ ಹೆಸರಿತ್ತು ಎಂಬುದನ್ನು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ.

ಹೊರಗೆ ಬಂದಾಗ ತರಗತಿಯ ಹದಿಮೂರೂ ಮಂದಿ ವರಾಂಡದಲ್ಲಿ ನಿಂತಿದ್ದರು. ರಹಮತ್ ಸಾಹೇಬರು ಅವರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಾವೇ ಹೇಳಿದರು: "ನನಗ ಕನ್ನಡ ಓದಾಕ ಬರಂಗಿಲ್ಲ. ಪ್ರಶ್ನೆ ಮೇಡಮ್ಮೋರು ಓದಿದ್ರು."

ಯಾರೂ ನಗಲಿಲ್ಲ. ಚೈತ್ರಾ ಎಂಬ ಹುಡುಗಿ ಮುಂದೆ ಬಂದಳು. "ಅಡ್ಡಿಲ್ಲ ಸರ್. ನೀವು ವೈಂಡಿಂಗ್ ಹೇಳ್ಕೊಡಿ, ಅಕ್ಷರ ನಾವು ಹೇಳ್ಕೊಡ್ತೀವಿ. ದಿನಾ ಅರ್ಧ ಗಂಟೆ ಸಾಕು."

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಆತು ಬಿಡವ್ವ" ಎಂದರು.

ಸೊರಬದ ಉಳಿದ ಅಭ್ಯರ್ಥಿಗಳ ಪರೀಕ್ಷೆ ಮುಗಿಸಿ, ವೀಣಾ ಕೊಟ್ಟ ಅಕ್ಕಿರೊಟ್ಟಿ ತಿಂದು, ನಾಲ್ಕು ಗಂಟೆಗೆ ನಿಲ್ದಾಣಕ್ಕೆ ಬಂದೆ. ರಹಮತ್ ಸಾಹೇಬರೂ ನಾನೂ ಶಿರಾಳಕೊಪ್ಪದವರೆಗೆ ಜೊತೆಯಲ್ಲೇ ಹೋಗುವುದೆಂದು ಮಾತಾಗಿತ್ತು. ಐದು ನಿಮಿಷದಲ್ಲಿ ಬರುತ್ತೇನೆಂದು ಅವರು ಹಿಂದೆ ಉಳಿದಿದ್ದರು. ಪಕ್ಕದ ಸೀಟಿನ ಮೇಲೆ ನನ್ನ ಚೀಲವಿಟ್ಟು ಕಾದೆ. ಬಸ್ಸು ಸ್ಟಾರ್ಟ್ ಆದಾಗ ಅವರ ಫೋನ್ ಬಂತು. ಹಿಂದಿನಿಂದ ಹುಡುಗಿಯರ ಮಾತು, ಲೋಹದ ಸಪ್ಪಳ ಕೇಳುತ್ತಿತ್ತು.

"ನೀವು ನಡೀರಿ ಮೇಡಂ. ಮೂಲ್ಯಾಗ ಬಿದ್ದಿದ್ದ ಹಳೇ ಮೋಟಾರ್ ಬಿಚ್ಚಿ ಕುಂತಾರ್ರಿ ಇವ್ರು. ಹಂಗ ಬಿಟ್ಟು ಬರಾಕಾಗಂಗಿಲ್ಲ."

ಬುಟ್ಟಿ ಹಿಡಿದ ಹೆಂಗಸೊಬ್ಬರು ಸೀಟಿನ ಬಳಿ ಬಂದು ನಿಂತರು. "ಇಲ್ಲಿ ಯಾರಾದ್ರೂ ಬರ್ತಾರಾ?"

"ಇಲ್ಲ, ಕೂತ್ಕೊಳ್ಳಿ" ಎಂದು ಚೀಲ ತೆಗೆದೆ. "ಬರಬೇಕಾದವರು ಕೆಲಸದಲ್ಲಿದ್ದಾರೆ."